ದೊರೆಯ ಜ್ವರ

ಯುದ್ಧದ ಕಾಲದಲ್ಲಿ ನಾನು ಮುಳಬಾಗಿಲಿನ ಮುಸಾಫರಿ ಬಂಗಲೆಯಲ್ಲಿ ಬಟ್ಲರ್ ಆಗಿದ್ದೆ. ಅಲ್ಲಿ ಬೀಡುಬಿಟ್ಟಿದ್ದ ಬಿಳಿ ದೊರೆಗೆ ದಿನಾ ಸಂಜೆ ವಿಸ್ಕಿಗೆ ಸಕ್ಕರೆ ಹಾಕಿ, ಮೇಲೆ ನಾಲ್ಕು ತೊಟ್ಟು ಸೀಮೆಯ ಕಹಿರಸ ಬಿಟ್ಟು ಕೊಡಬೇಕಿತ್ತು. ಯುದ್ಧದಿಂದ ಸೀಮೆಯ ಹಡಗು ನಿಂತು ಕಹಿರಸ ಬರುವುದೂ ನಿಂತಿತು. ನಾನು ಅಷ್ಟೇ ಕಹಿಯಾದ ನೆಲಬೇವನ್ನು ವಿಸ್ಕಿಯಲ್ಲೇ ನೆನೆಹಾಕಿ, ಎರಡೆಳೆ ಲಾವಂಚ ಸೇರಿಸಿ ಕೊಟ್ಟೆ. ದೊರೆ ಬಾಯಿ ಚಪ್ಪರಿಸಿದರು.

ನೆಲಬೇವು ಕೊಡುತ್ತಿದ್ದವಳು ಜ್ವರಕ್ಕೆ ಮದ್ದು ಕೊಡುವ ಮುದುಕಿ ನರಸಮ್ಮ. ಹೆಂಡಕ್ಕೆ ಅಂದಿದ್ದರೆ ಗಿಡ ಮುಟ್ಟಲೂ ಬಿಡುತ್ತಿರಲಿಲ್ಲ. ಅದಕ್ಕೇ "ದೊರೆಗೆ ಜ್ವರ" ಅಂದಿದ್ದೆ.

ಹೋದಾಗಲೆಲ್ಲ ಕೇಳುವಳು, "ಬಿಡ್ತಾ ನಾಯನಾ?"

"ಇಲ್ಲಮ್ಮ, ಇನ್ನೊಂದು ಹಿಡಿ ಕೊಡು."

ಮೂರು ತಿಂಗಳಾದ ಮೇಲೆ ಒಂದು ದಿನ ಹೋದರೆ, ಅವಳ ಹಿತ್ತಲಲ್ಲಿ ನೆಲಬೇವಿನ ಗಿಡಗಳಿದ್ದ ಕಡೆ ಬರೀ ಬೂದಿ. ಜ್ವರದ ಕೂಸನ್ನು ಹೊತ್ತ ಹೆಂಗಸೊಬ್ಬಳು ಅಳುತ್ತಾ ವಾಪಸು ಹೋಗುತ್ತಿದ್ದಳು.

"ಎಲ್ಲಾ ಕಿತ್ತು ಸುಟ್ಬಿಟ್ಟೆ," ಅಂದಳು ನರಸಮ್ಮ. "ಇಷ್ಟು ದಿನ ಕೊಟ್ರೂ ದೊರೆಗೆ ಬಿಡ್ಲಿಲ್ಲ. ನನ್ನ ಕೈಗುಣ ಹೋಯ್ತು ಕಣಪ್ಪಾ. ಇನ್ಯಾರಿಗೂ ಕೊಡಲ್ಲ."

ಅವಳ ಕಾಲು ಹಿಡಿದು ನಿಜ ಹೇಳಿದೆ.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ನಾಯನಾ," ಅಂತ ನನ್ನ ತಲೆ ಸವರಿದಳು.

ದೊರೆಗೆ ಆ ವರ್ಷವೆಲ್ಲ ಒಂದು ನೆಗಡಿಯೂ ಬರಲಿಲ್ಲ.