ಕಿತ್ತಳೆ ಕೋಣೆಯ ಕೂಸು

ಬೀದಿಯವರೆಲ್ಲ ಅವರನ್ನು ಕಿತ್ತಳೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮನೆಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಯಾರ ಮನೆಗೆ ಹೋದರೂ ಒಂದು ಗೋಡೆಗಾದರೂ ಕಿತ್ತಳೆ ಬಳಿಯದೆ ಇಳಿದು ಬಂದವರಲ್ಲ. “ಬಿಳಿ ಗೋಡೆ ಆಸ್ಪತ್ರೆಗಿರಲಿ. ಮನೆ ಅಂದ್ರೆ ಬಂದವರಿಗೆ ಇನ್ನೊಂದು ಗಳಿಗೆ ಕೂತ್ಕೋಬೇಕು ಅನ್ನಿಸ್ಬೇಕು” ಎನ್ನುತ್ತಿದ್ದರು. ಡಬ್ಬಿಯಲ್ಲಿ ಬಂದ ಬಣ್ಣವನ್ನು ಹಾಗೇ ಹೊಡೆದರೆ ಅವರಿಗೆ ಸಮಾಧಾನವಿಲ್ಲ. ಒಂದಿಷ್ಟು ಕೆಂಪು, ಚೂರು ಕಂದು ಸೇರಿಸಿ, ಸಂಜೆ ದೀಪ ಹಚ್ಚಿದ ಹಾಗೆ ಕಾಣುವವರೆಗೂ ಕಲೆಸುತ್ತಲೇ ಇರುವರು.

ಒಂದು ಕಟ್ಟುನಿಟ್ಟು ಮಾತ್ರ ಅವರು ಎಂದೂ ಬಿಟ್ಟವರಲ್ಲ. ಪರದೆಯ ಬಟ್ಟೆಯಾಗಲಿ, ಬಾಗಿಲಿನ ಬಣ್ಣವಾಗಲಿ, ಕೋಣೆಯೊಳಗೆ ನಿಂತು ಆರಿಸಲು ಬಿಡುತ್ತಿರಲಿಲ್ಲ. ಹೊಸ್ತಿಲಾಚೆ ಬೆಳಕಿಗೆ ತಂದು, ಹೆಗಲ ಮೇಲಿನ ಬಿಳಿ ಟವೆಲಿನ ಪಕ್ಕ ಹಿಡಿದು ತೋರಿಸುವರು. “ಗೋಡೆ ಪಕ್ಕದಲ್ಲಿರೋದಕ್ಕೆಲ್ಲ ತನ್ನ ಬಣ್ಣ ಅಂಟಿಸುತ್ತೆ. ಒಳಗೆ ಕಂಡದ್ದನ್ನ ನಂಬಬೇಡಿ.”

ಸೊಸೆಗೆ ಹೆರಿಗೆಯಾಗುವುದಕ್ಕೆ ಎಷ್ಟೋ ಮೊದಲೇ ಅವರು ತಮ್ಮ ಮನೆಯ ಚಿಕ್ಕ ಕೋಣೆಗೆ ಬಣ್ಣ ಹೊಡೆದು ಒಣಗಲು ಬಿಟ್ಟಿದ್ದರು. ನಾಲ್ಕೂ ಗೋಡೆ ಕಿತ್ತಳೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆಯೇ ಎದುರಾಗುತ್ತಿದ್ದುದರಿಂದ ಹಗಲಲ್ಲೂ ಬಲ್ಬು ಉರಿಯಬೇಕಿತ್ತು. ಹೆಂಡತಿ ಅದೇ ಬಣ್ಣದ ಪರದೆಯನ್ನೂ ಹೊಲಿದಳು.

ಆಸ್ಪತ್ರೆಯಿಂದ ಹೊರಡುವಾಗ ನರ್ಸ್ ಹೇಳಿದ್ದಳು: “ಮೈ, ಕಣ್ಣು ಹಳದಿಯಾಗುತ್ತಾ ಅಂತ ನೋಡ್ತಿರಿ. ಹಾಲು ಕುಡಿಯೋದು ಕಡಿಮೆಯಾದ್ರೆ ಕಾಯಬೇಡಿ.” ಸೊಸೆ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳ ಹಾಗೆ ಮನೆಗೆ ತಂದಳು. ಗಳಿಗೆಗೊಮ್ಮೆ ಮಗುವಿನ ಮೇಲೆ ಬಗ್ಗಿ ನೋಡುವಳು.

“ಮಾವ, ಪಾಪು ಹಳದಿ ಕಾಣ್ತಿದ್ದಾಳಲ್ವಾ?”

ಮೇಸ್ತ್ರಿ ನಕ್ಕು ತಮ್ಮ ಅಂಗೈ ಚಾಚಿದರು. “ನನ್ನ ಕೈ ನೋಡಮ್ಮ, ಇದೂ ಹಳದಿ. ನಿಮ್ಮತ್ತೆ ನೋಡು, ಮದುವೆ ದಿನವೂ ಇಷ್ಟು ಹೊಳೆದಿರಲಿಲ್ಲ. ಎಲ್ಲ ಗೋಡೆಯದೇ ಮಹಿಮೆ.”

“ನಿಮ್ಮ ಗೋಡೆ ಹಂಗು ನನಗೇನೂ ಬೇಡ” ಎಂದು ಅತ್ತೆ ಅಡುಗೆಮನೆಯತ್ತ ಹೊರಡುತ್ತಲೇ ಚುಚ್ಚಿದಳು.

ಸೊಸೆ ನಗಲಿಲ್ಲ. ಕೆಲಸದ ಮೇಲೆ ಪರವೂರಿಗೆ ಹೋಗಿದ್ದ ಗಂಡನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದಳು. “ಬಣ್ಣದ ವಿಷಯ ಅಪ್ಪನಿಗಿಂತ ನಿನಗೆ ಜಾಸ್ತಿ ಗೊತ್ತಾ? ಸುಮ್ನೆ ಏನೇನೋ ತಲೆಗೆ ಹಚ್ಚಿಕೋಬೇಡ” ಎಂದ ಅವನು. ಆ ಮಾತು ಹೊರಗೆ ಕೂತಿದ್ದ ಮೇಸ್ತ್ರಿಯ ಕಿವಿಗೂ ಬಿತ್ತು. ಅವರ ಎದೆ ತುಸು ಉಬ್ಬಿತು ಕೂಡ.

ಮಗು ಮಲಗೇ ಇರುತ್ತಿತ್ತು. ನೋಡಲು ಬಂದ ಪಕ್ಕದ ಮನೆಯಾಕೆ, “ಎಂಥ ಜಾಣೆ, ಅಳೋದೇ ಇಲ್ವಲ್ಲ. ನಮ್ಮದು ಅತ್ತರೆ ಸೂರೇ ಹಾರಿಹೋಗ್ತಿತ್ತು” ಎಂದಳು. ಕೋಣೆ ಬೆಚ್ಚಗಿದ್ದರೆ ನಿದ್ದೆ ಹಾಗೇ ಬರುತ್ತದೆ ಎಂದರು ಮೇಸ್ತ್ರಿ. ಸೊಸೆ ಮಾತ್ರ ಮಗುವಿನ ಅಂಗಾಲು ತಟ್ಟುತ್ತ, ಎಬ್ಬಿಸುತ್ತ, ಎರಡು ಗುಟುಕು ಕುಡಿದು ಅದು ಮತ್ತೆ ಜೋಲುವುದನ್ನು ನೋಡುತ್ತ ಕೂತಿರುತ್ತಿದ್ದಳು. ಮತ್ತೆ ಬಾಯಿಬಿಟ್ಟು ಕೇಳುವ ಧೈರ್ಯ ಅವಳಿಗಿರಲಿಲ್ಲ.

ಹೀಗೆ ಎರಡು ದಿನ ಕಳೆದ ಮೇಲೆ ಮೇಸ್ತ್ರಿ ಒಬ್ಬರ ಮನೆಯ ನಡುಮನೆಗೆ ಬಣ್ಣ ಹೊಡೆಯುತ್ತಿದ್ದರು. ಅರ್ಧ ಒಣಗಿದ ಕಿತ್ತಳೆ ಗೋಡೆಯ ಮುಂದೆ ಮನೆಯಾಕೆ ಸೋಫಾದ ಬಟ್ಟೆಯ ತುಂಡು ಹಿಡಿದು ನಿಂತಳು. “ಮೇಸ್ತ್ರಿ, ಅಂಗಡಿಯಲ್ಲಿ ಕೆನೆಬಣ್ಣ ಅಂತ ತಂದೆ. ಇಲ್ಲಿ ನೋಡಿದ್ರೆ ಅರಿಶಿನ ಮೆತ್ತಿದ ಹಾಗಿದೆ.”

“ಹೊರಗೆ ತನ್ನಿ ತಾಯಿ. ಒಳಗೆ ಕಂಡದ್ದನ್ನ ನಂಬಬೇಡಿ” ಎಂದು ಅವರು ಟವೆಲಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಒಂದು ಚಿಂದಿ ಬಟ್ಟೆಯನ್ನು ಹೊಸ್ತಿಲು ದಾಟಿಸಿ ನೋಡುವ ತಾನು ಮೊಮ್ಮಗಳನ್ನು ಒಮ್ಮೆಯೂ ಬೆಳಕಿಗೆ ತಂದಿರಲಿಲ್ಲ. ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟು, ಆಕೆ ಹಿಂದಿನಿಂದ ಕೂಗುತ್ತಿದ್ದರೂ ತಿರುಗದೆ, ಅವರು ಮನೆಯ ದಾರಿ ಹಿಡಿದರು.

ಕೋಣೆಯಲ್ಲಿ ಸೊಸೆ ಮಗುವಿನ ತುಟಿಗೆ ಮೊಲೆ ತಾಗಿಸಿ ಕೂತಿದ್ದಳು. ತುಟಿ ಅಲುಗಲಿಲ್ಲ.

“ಕೊಡಮ್ಮ ಇಲ್ಲಿ.”

ಮಾವನ ಮುಖ ನೋಡಿ ಅವಳು ಮಗುವನ್ನು ಕೊಟ್ಟಳು. ಮೇಸ್ತ್ರಿ ಹೊರಬಾಗಿಲಿನ ಮೆಟ್ಟಿಲ ಮೇಲೆ ಕೂತು ಮಗುವಿನ ಕೆನ್ನೆಯ ಪಕ್ಕ ಟವೆಲು ಹಾಸಿದರು. ಹಗಲ ಬೆಳಕಿನಲ್ಲಿ ಟವೆಲು ಬಿಳಿಯಾಯಿತು. ಅವರ ಅಂಗೈ ಎಂದಿನ ಕಂದು ಬಣ್ಣಕ್ಕೆ ತಿರುಗಿತು. ಮಗು ಮಾತ್ರ ಒಳಗಿದ್ದ ಹಾಗೇ ಇತ್ತು. ಅಂಗಿ ಸರಿಸಿದರೆ ಎದೆ, ಹೊಟ್ಟೆ, ತೊಡೆಯವರೆಗೂ ಹಳದಿ. ಹಿಂದೆಯೇ ಬಂದ ಸೊಸೆ ಬೆರಳ ತುದಿಯಿಂದ ರೆಪ್ಪೆ ಎತ್ತಿದಳು. ಕಣ್ಣಿನ ಬಿಳಿಯೂ ಬಿಳಿಯಾಗಿರಲಿಲ್ಲ.

“ನಾನು ಅವತ್ತೇ ಕೇಳಿದ್ದೆ ಮಾವ” ಎಂದಳು ಅವಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು, ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದರು. “ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ವಾ?” ಎಂದು ಕೇಳಿದ ಡಾಕ್ಟರು ಉತ್ತರಕ್ಕೆ ಕಾಯಲಿಲ್ಲ. “ಕಾಮಾಲೆ ತಲೆಗೇರಿದ್ರೆ ಕಷ್ಟ. ಈ ದೀಪ ಸಾಕಾಗುತ್ತಾ, ರಕ್ತ ಬದಲಾಯಿಸಬೇಕಾ ಅನ್ನೋದು ಇನ್ನೊಂದು ಪರೀಕ್ಷೆ ಆದ್ಮೇಲೆ ಗೊತ್ತಾಗುತ್ತೆ.”

ಮಾವ, ಸೊಸೆ ಇಬ್ಬರೂ ಗಾಜಿಗೆ ಮುಖ ಹಚ್ಚಿ ನಿಂತರು. ಮೇಸ್ತ್ರಿಯ ಉಗುರುಗಳ ಸುತ್ತ ಇನ್ನೂ ತೊಳೆಯದ ಕಿತ್ತಳೆಯಿತ್ತು. ಅವರು ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಂಡರು.

“ಹಳದಿ ಸ್ವಲ್ಪ ಕಡಿಮೆಯಾಗಿದ್ಯಾ ಮಾವ?”

ಅವರು ಕಣ್ಣು ಕಿರಿದಾಗಿಸಿ ನೋಡಿದರು. ಹಾಸಿಗೆ ನೀಲಿ, ಪಟ್ಟಿ ನೀಲಿ, ಆ ಪುಟ್ಟ ಕೈಕಾಲೆಲ್ಲ ನೀಲಿ.

“ಇಲ್ಲಿ ನಿಂತು ಹೇಳೋಕೆ ಆಗಲ್ಲಮ್ಮ” ಎಂದರು.