ಬಲಕ್ಕೇ ತಿರುಗಿಸುತ್ತಿದ್ದ ಮಹಾಲಿಂಗೇಶ್ವರ ಮಾಸ್ಟ್ರು

ಪುತ್ತಿಗೆಯ ಮಹಾಲಿಂಗೇಶ್ವರ ಮಾಸ್ಟ್ರು ಮೂಡುಬಿದಿರೆಯ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ರೇಡಿಯೋ ಪಾಠ ಮಾಡುತ್ತಿದ್ದರು. ನಾನು ಮೊದಲು ಅವರ ಶಿಷ್ಯ; ಆಮೇಲೆ ಅದೇ ಪ್ರಯೋಗಶಾಲೆಯ ಇನ್‌ಸ್ಟ್ರಕ್ಟರ್ ಆಗಿ ಅವರ ಎದುರಿನ ಮೇಜಿನಲ್ಲೇ ಕೂತವನು. ಹಾಗಾಗಿ ಅವರನ್ನು ಸ್ವಲ್ಪ ಗೇಲಿ ಮಾಡುವ ಹಕ್ಕು ನನಗಿದೆ.

ಅವರ ಜೀವವೆಲ್ಲ ಸ್ಮಿತ್ ಚಾರ್ಟಿನಲ್ಲಿತ್ತು. ಕೇಬಲ್ಲಿಗೂ ಆಂಟೆನಾಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಕಳಿಸಿದ ಶಕ್ತಿ ಬಂದ ದಾರಿಯಲ್ಲೇ ವಾಪಸಾಗುತ್ತದೆ. ಅವನ್ನು ಹೊಂದಿಸುವ ಲೆಕ್ಕಕ್ಕೆ ಈ ದುಂಡಗಿನ ನಕ್ಷೆ. ಕೇಬಲ್ಲಿನ ಉದ್ದಕ್ಕೆ ತಕ್ಕಷ್ಟು ಚುಕ್ಕಿಯನ್ನು ವೃತ್ತದ ಸುತ್ತ ತಿರುಗಿಸಬೇಕು. ಯಾವ ಕಡೆಗೆ?

"ಯಾವಾಗಲೂ ಬಲಕ್ಕೆ! ದೇವಸ್ಥಾನದಲ್ಲಿ ಯಾರಾದರೂ ಅಪ್ರದಕ್ಷಿಣೆ ಬರ್ತಾರಾ?"

ನಾವು ಬರೆದುಕೊಂಡೆವು. ಪರೀಕ್ಷೆಗೆ ಅವರು ಕೊಡುತ್ತಿದ್ದುದು ಸದಾ ಅರ್ಧ ಸುತ್ತಿನ ಲೆಕ್ಕ. ಅರ್ಧ ಸುತ್ತು ಯಾವ ಕಡೆಯಿಂದ ಹೋದರೂ ಸೇರುವ ಜಾಗ ಒಂದೇ. ಹಾಗಾಗಿ ಹದಿಮೂರು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ.

೧೯೮೭ರಲ್ಲಿ ಫರಂಗಿಪೇಟೆಯ ಸೌದಾ ತಾತ್ಕಾಲಿಕ ಉಪನ್ಯಾಸಕಿಯಾಗಿ ಬಂದರು. ಅಣ್ಣ ಅಬ್ದುಲ್ ನಾಸಿರ್ ದುಬೈಯಿಂದ ತಂದ, ಟೀವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರಿನಲ್ಲಿ ಮಕ್ಕಳಿಗಾಗಿ ಅದೇ ಚಾರ್ಟಿನ ಪ್ರೋಗ್ರಾಮ್ ಬರೆದರು. ಪ್ರೋಗ್ರಾಮ್ ತುಂಬಿಟ್ಟ ಕ್ಯಾಸೆಟ್ಟು ಐದು ನಿಮಿಷ ಕಿರುಚಿದ ಮೇಲೆ ಪರದೆಯಲ್ಲಿ ವೃತ್ತ ಮೂಡುತ್ತಿತ್ತು. ಆಂಟೆನಾದಿಂದ ರೇಡಿಯೋ ಕಡೆಗೆ ಬರುವಾಗ ಚುಕ್ಕಿ ಬಲಕ್ಕೆ ತಿರುಗುತ್ತಿತ್ತು. ರೇಡಿಯೋದಿಂದ ಆಂಟೆನಾ ಕಡೆಗೆ ಹೋಗುವಾಗ ಎಡಕ್ಕೆ.

"ಎಂತ ಟೀಚರೇ, ನಿಮ್ಮ ಚುಕ್ಕಿಗೆ ದಾರಿ ತಪ್ಪಿತಾ?" ಎಂದರು ಮಾಸ್ಟ್ರು.

"ಪುಸ್ತಕದಲ್ಲಿ ಹೀಗೇ ಉಂಟು ಸರ್. ಮತ್ತೆ, ನಮ್ಮ ಬಾಪ ಹಜ್ಜಿಗೆ ಹೋದಾಗ ಸುತ್ತು ಬಂದದ್ದೂ ಎಡಕ್ಕೇ," ಎಂದು ಸೌದಾ ನಗು ತಡೆದುಕೊಂಡರು.

ಸುದ್ದಿ ಪ್ರಿನ್ಸಿಪಾಲ್ ಬಾಲಸುಬ್ರಹ್ಮಣ್ಯರ ಕಿವಿಗೆ ಬಿತ್ತು. ಅವರು ಸಿಮೆಂಟು ಜಲ್ಲಿಯ ಇಂಜಿನಿಯರು; ಕರೆಂಟೆಂದರೆ ಅವರಿಗೆ ಸ್ವಿಚ್ಚು, ಅಷ್ಟೇ. "ಮಕ್ಕಳಿಗೆ ತಪ್ಪು ಕಲಿಸುವವರನ್ನು ಜೂನಿನ ನಂತರ ಮುಂದುವರಿಸುವುದು ಕಷ್ಟ," ಎಂದುಬಿಟ್ಟರು. ಸೌದಾರ ಮುಖ ಸಣ್ಣಗಾಯಿತು.

"ಹಾಗಾದರೆ ಪರೀಕ್ಷೆ ಮಾಡಿಯೇ ನೋಡುವ ಸರ್," ಎಂದರು ಸೌದಾ.

ಒಂದು ಕೇಬಲ್ಲಿನ ತುದಿಗೆ ಏನನ್ನೋ ಬೆಸುಗೆ ಹಾಕಿ ಬಿಸ್ಕಿಟ್ ಡಬ್ಬಿಯೊಳಗೆ ಮುಚ್ಚಿಟ್ಟರು. ಚಾರ್ಟಿನಲ್ಲಿ ಸರಿಯಾಗಿ ಕಾಲು ಸುತ್ತಾಗುವಷ್ಟು ಉದ್ದದ ಕೇಬಲ್ಲು. ಈಚೆಯ ತುದಿಯಲ್ಲಿ ಅಳೆದು, ಡಬ್ಬಿಯೊಳಗೆ ಎಷ್ಟು ಓಮ್ ತಡೆ ಇದೆ ಎಂದು ಹೇಳಬೇಕು; ಎಂದರೆ ಆಂಟೆನಾ ಕಡೆಗೆ ಹೋಗುವ ಲೆಕ್ಕ. ಮಾಸ್ಟ್ರು ಕೈವಾರ ಹಿಡಿದು ಬಲಕ್ಕೆ ತಿರುಗಿಸಿದರು: ನೂರು. ಕಂಪ್ಯೂಟರ್ ಎಡಕ್ಕೆ ತಿರುಗಿಸಿತು: ಇಪ್ಪತ್ತೈದು.

ಪ್ರಿನ್ಸಿಪಾಲರೇ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಎಷ್ಟು ಓಮ್ ಎಂಬುದನ್ನು ಬಣ್ಣದಲ್ಲೇ ಹೇಳುವ ರೆಸಿಸ್ಟರಿನ ಮೈಮೇಲೆ ಕಂದು, ಕಪ್ಪು, ಕಂದು ಪಟ್ಟಿ. ಬುದ್ಧಿಗಿಂತ ನಾಲಿಗೆ ಮುಂದಿರುವ ನಾನು "ನೂರು ಸಾರ್!" ಎಂದು ಕೂಗಿದೆ.

ಪ್ರಿನ್ಸಿಪಾಲರು ಮಾಸ್ಟ್ರ ಕೈ ಕುಲುಕತೊಡಗಿದರು. ಸೌದಾ ಏನೋ ಹೇಳಹೋದರೆ, "ಸಾಕು," ಎಂದು ಅಂಗೈ ತೋರಿಸಿದರು.

ಮಾಸ್ಟ್ರು ಕೈ ಬಿಡಿಸಿಕೊಂಡು ಡಬ್ಬಿಯನ್ನು ಕನ್ನಡಕದ ಹತ್ತಿರ ತಂದರು. ಆಗ ನಾನೂ ಇಣುಕಿದೆ. ಒಂದಲ್ಲ, ನಾಲ್ಕು ರೆಸಿಸ್ಟರುಗಳು, ಪಕ್ಕಪಕ್ಕದಲ್ಲಿ ಜೋಡಿಸಿದ್ದವು. ನೂರರ ನಾಲ್ಕು ಹಾಗೆ ಸೇರಿದರೆ ಕರೆಂಟಿಗೆ ನಾಲ್ಕು ದಾರಿ, ತಡೆ ಕಾಲು ಭಾಗ: ಇಪ್ಪತ್ತೈದೇ! ಸ್ಟೋರಿನಲ್ಲಿ ಆ ದಿನ ಬೇರೆ ಓಮಿನವು ಇರಲಿಲ್ಲವಂತೆ. ಮಾಸ್ಟ್ರು ಡಬ್ಬಿ ಮುಚ್ಚಿದ್ದರೆ ಪ್ರಿನ್ಸಿಪಾಲರಿಗೆ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಮುಚ್ಚಿಬಿಡಿ ಮಾಸ್ಟ್ರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

"ನಾಲ್ಕುಂಟು ಸಾರ್," ಎಂದರು ಮಾಸ್ಟ್ರು. "ಸೇರಿದರೆ ಇಪ್ಪತ್ತೈದು. ಟೀಚರ್ ಹೇಳಿದ್ದು ಸರಿ. ಹದಿಮೂರು ವರ್ಷ ತಪ್ಪು ಕಲಿಸಿದ್ದು ನಾನು."

ಸೌದಾ ಜೂನಿನಲ್ಲೂ ಬಂದರು. ಮಾಸ್ಟ್ರು ಮಾತ್ರ ದಾಖಲಾತಿ ಪುಸ್ತಕ ತರಿಸಿ, ಕಲಿತು ಹೋದವರಿಗೆಲ್ಲ ಒಂದೊಂದು ಪೋಸ್ಟ್ ಕಾರ್ಡು ಬರೆಯಲು ಕೂತರು. ಮೇಜಿನಾಚೆ ಕೂತಿದ್ದ ನನಗೂ ಒಂದು ಕಾರ್ಡು ಅಂಚೆಯಲ್ಲೇ ಬಂತು:

"ಆಂಟೆನಾ ಕಡೆಗೆ ಹೋಗುವಾಗ ಎಡಕ್ಕೆ ತಿರುಗಿಸಬೇಕು. ನಾನು ಕಲಿಸಿದ್ದು ತಪ್ಪು. ತಿದ್ದಿದವರು ಸೌದಾ ಟೀಚರ್. ಅಂದು ಡಬ್ಬಿಯೊಳಗೆ ನೋಡಿದ ಮೇಲೂ ನೀನು ಸುಮ್ಮನಿದ್ದೆ. ಅದನ್ನು ಬೇರೆಯವರ ಕಾರ್ಡಿನಲ್ಲಿ ಬರೆದಿಲ್ಲ."