ವಕೀಲರ ಬೈಟು ಕಾಫಿ

ಭಾನುವಾರ ಸಂಜೆ. ರಾಜಾಜಿನಗರದ ಈ ದರ್ಶಿನಿಯಲ್ಲಿ ಪಕ್ಕದ ಹುಡುಗರು "ಅಣ್ಣ, ಒಂದು ಬೈಟು ಕಾಫಿ" ಎಂದರು. ನಾನು ಬೆಚ್ಚಿ ತಿರುಗಿ ನೋಡಿದೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಸುರಿಯುವುದರಲ್ಲಿ ಹೆದರುವಂಥದ್ದೇನಿದೆ ಅಂತ ನಗಬೇಡಿ. ಹೇಳುತ್ತೇನೆ, ಕೇಳಿ.

ನಮ್ಮ ವಿಚ್ಛೇದನದ ಕೇಸನ್ನು ಫ್ಯಾಮಿಲಿ ಕೋರ್ಟಿನವರು ಸಂಧಾನಕ್ಕೆ ಕಳಿಸಿದ್ದರು. ಸಂಸಾರ ಮುರಿದದ್ದಕ್ಕೆ ಅಷ್ಟರಲ್ಲಿ ಅತ್ತು ಮುಗಿಸಿದ್ದೆ. ಉಳಿದಿದ್ದ ಭಯ ಒಂದೇ, ಮಗಳು ಇಂಪನಾ ನನ್ನ ಕೈತಪ್ಪಿ ಹೋದರೆ? ವಕೀಲರೆಂದರೆ ಮೇಜು ಕುಟ್ಟಿ ಕೂಗುವವರು ಎಂದು ಸಿನಿಮಾ ನೋಡಿ ನಂಬಿದ್ದ ಪೆದ್ದಿ ನಾನು. ನನ್ನ ವಕೀಲೆ ಗಿರಿಜಾ ಮೇಡಂ ಸಂಧಾನದ ಕೊಠಡಿಯ ಬಾಗಿಲಲ್ಲೇ ಹೇಳಿಬಿಟ್ಟರು: "ಒಳಗೆ ನಾನು ವಾದ ಮಾಡಲ್ಲ ಕಣಮ್ಮ. ಮಾತಾಡೋದು ನೀವಿಬ್ರೇ. ಸಹಿ ಹಾಕೋಕ್ ಮುಂಚೆ ಮಾತ್ರ ನನ್ನ ಕೇಳಿ."

ಅಯ್ಯೋ, ನಡುನೀರಲ್ಲಿ ಕೈಬಿಟ್ಟರಲ್ಲ ಎನಿಸಿತು. ಸಂಧಾನ ನಡೆಸುವ ಮಧ್ಯಸ್ಥರು ಇಬ್ಬರು ವಕೀಲರನ್ನೂ ಸ್ವಲ್ಪ ಹೊತ್ತು ಹೊರಗಿರಿ ಎಂದರು. ಕಿಟಕಿಯಾಚೆ ನೋಡುತ್ತೇನೆ, ಗಿರಿಜಾ ಮೇಡಂ ನನ್ನ ಗಂಡನ ವಕೀಲರ ಜೊತೆ ಬೈಟು ಕಾಫಿ ಕುಡಿಯುತ್ತ ನಗುತ್ತಿದ್ದಾರೆ! ಮುಗೀತು, ಇಬ್ಬರೂ ಒಂದಾಗಿ ಮಗಳನ್ನು ನನ್ನ ಗಂಡನಿಗೆ ಕೊಟ್ಟೇಬಿಟ್ಟರು ಅಂದುಕೊಂಡೆ. ಮಧ್ಯಸ್ಥರು ಕೇಳಿದ್ದೊಂದೂ ಕಿವಿಗೆ ಬೀಳಲಿಲ್ಲ.

ಹೊರಗೆ ಬಂದವಳೇ ರೇಗಿದೆ. "ಅವರ ಲಾಯರ್ ಜೊತೆ ಕಾಫಿ ಕುಡೀತೀರಲ್ಲ ಮೇಡಂ!"

"ಕೋರ್ಟಲ್ಲಿ ಕಿತ್ತಾಡ್ತೀವಿ. ಇಲ್ಲೂ ಕಿತ್ತಾಡಿದ್ರೆ ಮಗು ಗತಿ ಏನಮ್ಮ?" ಎಂದರು. "ನಿಮ್ ಗಂಡನಿಗೂ ಭಯವಂತೆ, ಮಗೂನ ನೀವು ಮತ್ತೆ ತೋರ್ಸಲ್ವೇನೋ ಅಂತ. ನಿಮಗೆ ಹೇಳಿ ಅಂತ ಅವರೇ ಅವ್ರ ಲಾಯರ್ ಕೈಲಿ ಹೇಳ್ಕಳಿಸಿದಾರೆ."

ಮುಂದಿನ ಭೇಟಿಗಳಲ್ಲಿ ತೀರ್ಮಾನವಾಯಿತು. ಇಂಪನಾ ನನ್ನ ಜೊತೆ, ಶನಿವಾರ ಭಾನುವಾರ ಮಾತ್ರ ಹೇರೋಹಳ್ಳಿಯಲ್ಲಿ ಅಪ್ಪನ ಮನೆ. ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯಲು ಒಪ್ಪದ ಕಾರಣ, ಮಗುವನ್ನು ಒಪ್ಪಿಸುವುದು ಈ ದರ್ಶಿನಿಯಲ್ಲಿ. ಗಿರಿಜಾ ಮೇಡಂ ಪ್ರತಿ ಸಾಲನ್ನೂ ಓದಿ ಅರ್ಥ ಹೇಳಿದ ಮೇಲೆಯೇ ನನ್ನ ಕೈಗೆ ಪೆನ್ನು ಕೊಟ್ಟರು.

ಆದರೂ ಭಯ ಹೋಗುತ್ತದೆಯೇ? ಇವತ್ತು ಕತ್ತಲಾಗುತ್ತಿದೆ, ಅಪ್ಪ ಮಗಳು ಇನ್ನೂ ಬಂದಿಲ್ಲ, ಫೋನ್ ಸ್ವಿಚ್ ಆಫ್. ಬರದೇ ಹೋದರೆ? ಪ್ರತಿ ಆಟೋದೊಳಗೂ ಹುಚ್ಚಿಯಂತೆ ಇಣುಕುತ್ತಿದ್ದೇನೆ.

ಬಂದರು! ಇಂಪನಾ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. ಅವಳಪ್ಪ ಬೆವೆತು ಹೋಗಿದ್ದರು.

"ರೋಡೆಲ್ಲಾ ಅಗೆದುಹಾಕಿದಾರೆ, ಫೋನಲ್ಲಿ ಚಾರ್ಜ್ ಇರ್ಲಿಲ್ಲ. ಇನ್ಮೇಲೆ ಕಳಿಸೋದೇ ಇಲ್ಲ ಅಂತೀಯೇನೋ ಅಂತ..." ಎನ್ನುತ್ತ ಮಗಳ ಬ್ಯಾಗು ಚಾಚಿದರು. ನನ್ನಂತೆಯೇ ಹೆದರಿದ್ದರು.

ಬೈಯಲು ಬಾಯಿ ತೆರೆದವಳು ಕೌಂಟರಿನ ಕಡೆ ತಿರುಗಿದೆ.

"ಅಣ್ಣ, ಒಂದು ಬೈಟು ಕಾಫಿ" ಎಂದೆ.